ಆಪರೇಷನ್ ಬೇಡ ಅಂದ ಮೇಲೆ: ಹೆಗಲ ಹಲಗೆ ಮುರಿದ ಒಬ್ಬ ಅಡಿಕೆ ಕೆಲಸಗಾರರ ಪ್ರಕರಣ

ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಒಳಗೆ ತಿರುಗಿದರೆ ಸಿಗುವ ಒಂದು ಅಡಿಕೆ ತೋಟ. ಆಟಿ ತಿಂಗಳು, ಜೋರು ಮಳೆಗಾಲ. ಎರಡು ದಿನ ಮಳೆ ಬಿಟ್ಟಿತ್ತು. ಕೊಳೆರೋಗಕ್ಕೆ ಎರಡನೇ ಸಲದ ಮದ್ದು ಬಿಡಲು ಇಂಥ ಬಿಡುವೇ ಬೇಕು. ಮರದಲ್ಲಿದ್ದವರಿಗೆ 44 ವರ್ಷ. ಇಪ್ಪತ್ತೈದು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಆ ದಿನ ಪಾಚಿ ಕಟ್ಟಿದ ಮರದಲ್ಲಿ ಹತ್ತಲು ಕಾಲಿಗೆ ಹಾಕುವ ತಳೆ ಜಾರಿತು. ಸುಮಾರು ಹದಿನೈದು ಅಡಿ ಎತ್ತರದಿಂದ ಬಿದ್ದರು. ಬಲಗಡೆಯ ಬೆನ್ನು ನೀರು ಹರಿಯುವ ಕಣಿಯ ಅಂಚಿನ ಮುರಕಲ್ಲಿಗೆ ಬಡಿಯಿತು.

ನಾನು ಫಿಸಿಯೋಥೆರಪಿಸ್ಟ್. ಇವರು ನನ್ನ ಹತ್ತಿರ ಬಂದದ್ದು ಬಿದ್ದ ಎಂಟನೇ ದಿನ. ಅದಕ್ಕಿಂತ ಮೊದಲಿನ ಸಂಗತಿಗಳು ಆಸ್ಪತ್ರೆಯ ಕಾಗದಗಳಿಂದ, ಅವರ ಮತ್ತು ಅವರ ಹೆಂಡತಿಯ ಬಾಯಿಂದ ತಿಳಿದವು. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಹಿಡಿಯುವಂಥ ವಿವರಗಳನ್ನು ಬಿಟ್ಟಿದ್ದೇನೆ. ಇಷ್ಟು ಉದ್ದಕ್ಕೆ ಬರೆಯಲು ಕಾರಣ ಒಂದೇ. "ಆಪರೇಷನ್ ಬೇಡ" ಅಂತ ಡಾಕ್ಟರ್ ಹೇಳಿದ್ದನ್ನು ನಮ್ಮ ಕಡೆ ಜನ "ಏನೂ ಮಾಡುವುದು ಬೇಡ" ಅಂತ ಕೇಳಿಸಿಕೊಳ್ಳುತ್ತಾರೆ. ಈ ಎರಡು ಮಾತಿನ ನಡುವೆ ಎಷ್ಟೋ ಜನರ ಕೈ ಗಟ್ಟಿಯಾಗಿ ಹೋಗಿರುವುದನ್ನು ನಾನು ನೋಡಿದ್ದೇನೆ.

ಮೊದಲ ನಾಲ್ಕು ದಿನ

ಹೆಗಲ ಹಲಗೆ ಅಂದರೆ ಬೆನ್ನಿನ ಮೇಲ್ಭಾಗದಲ್ಲಿ ಎರಡೂ ಕಡೆ ಇರುವ ತ್ರಿಕೋನದ ಮೂಳೆ. ಕೈಯನ್ನು ಬೆನ್ನ ಹಿಂದೆ ಮಡಚಿದರೆ ರೆಕ್ಕೆಯ ಹಾಗೆ ಎದ್ದು ಕಾಣುತ್ತದಲ್ಲ, ಅದೇ. ಡಾಕ್ಟರ್‌ಗಳು ಸ್ಕ್ಯಾಪುಲಾ ಅನ್ನುತ್ತಾರೆ. ನಡುವೆ ಅದು ಬಹಳ ತೆಳು. ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳು. ಆದರೂ ಅದು ಸುಲಭಕ್ಕೆ ಮುರಿಯುವುದಿಲ್ಲ. ಹದಿನೇಳು ಸ್ನಾಯುಗಳು ಅದಕ್ಕೆ ಅಂಟಿಕೊಂಡಿವೆ, ಮುಂದೆಯೂ ಹಿಂದೆಯೂ ಮಾಂಸದ ಹಾಸಿಗೆ ಇದೆ. ಪೆಟ್ಟು ಬಿದ್ದರೆ ಮೂಳೆ ಪಕ್ಕೆಯ ಮೇಲೆ ಜಾರಿ ತಪ್ಪಿಸಿಕೊಳ್ಳುತ್ತದೆ. ಎಲ್ಲ ಮೂಳೆ ಮುರಿತಗಳಲ್ಲಿ ಇದರ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ.

ಹಾಗಾಗಿ ಇದು ಮುರಿದಿದೆ ಅಂದರೆ ಪೆಟ್ಟು ಜೋರಾಗಿಯೇ ಬಿದ್ದಿದೆ ಎಂದು ಅರ್ಥ. ಹೆಗಲಿಗಿಂತ ಮೊದಲು ಎದೆ, ತಲೆ, ಕುತ್ತಿಗೆ ನೋಡಬೇಕು. ಹೆಗಲ ಹಲಗೆ ಮುರಿದ ಹೆಚ್ಚಿನವರಲ್ಲಿ ಬೇರೆ ಕಡೆಯೂ ಏನಾದರೂ ಏಟಾಗಿರುತ್ತದೆ. ಪಕ್ಕೆಲುಬು, ಶ್ವಾಸಕೋಶ, ಕೊರಳಿನ ಕಾಲರ್ ಮೂಳೆ, ಕೈಗೆ ಹೋಗುವ ನರಗಳು.

ಇವರಿಗೂ ಹಾಗೇ ಆಯಿತು. ಬಲಗಡೆಯ ನಾಲ್ಕು, ಐದು, ಆರನೇ ಪಕ್ಕೆಲುಬು ಮುರಿದಿದ್ದವು. ಎದೆಯ ಎಕ್ಸ್‌ರೇಯಲ್ಲಿ ಪಕ್ಕೆಲುಬುಗಳ ಗೆರೆಗಳ ನಡುವೆ ಹೆಗಲ ಹಲಗೆಯ ಬಿರುಕು ಸುಲಭವಾಗಿ ಕಣ್ಣು ತಪ್ಪುತ್ತದೆ. ಇಲ್ಲಿ ಕ್ಯಾಶುವಲ್ಟಿಯ ಡಾಕ್ಟರ್ ಅದನ್ನು ಗುರುತಿಸಿದರು. ಹೆಗಲಿಗೆ ಬೇರೆ ಕೋನದಲ್ಲಿ ಎಕ್ಸ್‌ರೇ ತೆಗೆಸಿದರು. ಹೆಗಲ ಹೊರಬದಿಯ ಚರ್ಮ ಮುಟ್ಟಿದರೆ ಗೊತ್ತಾಗುತ್ತದಾ, ಬೆರಳು ಅಗಲಿಸಲು ಆಗುತ್ತದಾ, ಮಣಿಕಟ್ಟು ಮೇಲೆತ್ತಲು ಆಗುತ್ತದಾ, ನಾಡಿ ಸಿಗುತ್ತದಾ ಎಂದು ನೋಡಿ ಬರೆದಿಟ್ಟರು. ನರಕ್ಕೆ ಪೆಟ್ಟಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಎದೆಯ ಎಕ್ಸ್‌ರೇ ಮತ್ತೆ ತೆಗೆದರು. ಮೊದಲ ದಿನ ಇಲ್ಲದ ಗಾಳಿ ಈಗ ಶ್ವಾಸಕೋಶದ ಹೊರಗೆ ಸ್ವಲ್ಪ ಕಂಡಿತು. ಟ್ಯೂಬ್ ಹಾಕುವಷ್ಟು ಇರಲಿಲ್ಲ. ಆಕ್ಸಿಜನ್ ಕೊಟ್ಟು ವಾರ್ಡಿನಲ್ಲೇ ಇಟ್ಟುಕೊಂಡರು. ಮೂರು ಚೆಂಡಿನ ಉಸಿರಾಟದ ಡಬ್ಬಿ ಕೊಟ್ಟು ಎಳೆಯಲು ಹೇಳಿದರು. "ಕೆಮ್ಮಿದರೆ ಜೀವ ಹೋದ ಹಾಗೆ ಆಗ್ತಿತ್ತು, ತಲೆದಿಂಬು ಎದೆಗೆ ಒತ್ತಿ ಹಿಡ್ಕೊಂಡು ಕೆಮ್ಮಿದೆ" ಎಂದರು ನನ್ನ ಹತ್ತಿರ. ಅದು ಸರಿಯಾದ ಕ್ರಮ. ನೋವಿಗೆ ಹೆದರಿ ಕೆಮ್ಮದೆ ಉಳಿದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಅದು ಹೆಗಲಿಗಿಂತ ದೊಡ್ಡ ತೊಂದರೆ. ನಾಲ್ಕನೇ ದಿನ ಗಾಳಿ ಕಡಿಮೆಯಾಗಿ, ಕೈಯನ್ನು ಕುತ್ತಿಗೆಗೆ ತೂಗುವ ಆರ್ಮ್ ಪೌಚಿಗೆ ಹಾಕಿ ಮನೆಗೆ ಕಳಿಸಿದರು.

ಪ್ಲೇಟ್ ಹಾಕಬೇಕಾ, ಬೇಡವಾ

ಗಲಿಬಿಲಿ ಶುರುವಾದದ್ದು ಇಲ್ಲಿ. ಆಸ್ಪತ್ರೆಯಲ್ಲಿ "ಆಪರೇಷನ್ ಬೇಕಿಲ್ಲ" ಅಂದಿದ್ದರು. ಇವರ ತಂಗಿಯ ಮಗ ದುಬೈಯಲ್ಲಿದ್ದಾನೆ. ಎಕ್ಸ್‌ರೇಯ ಫೋಟೊ ವಾಟ್ಸಾಪಿನಲ್ಲಿ ಅವನಿಗೆ ಹೋಯಿತು. ಮೂಳೆ ಎರಡು ತುಂಡಾಗಿ, ಒಂದರ ಮೇಲೆ ಒಂದು ಏರಿದ ಹಾಗೆ ಕಾಣುತ್ತಿತ್ತು. "ಮಾವ, ಇಷ್ಟು ಮುರಿದದ್ದಕ್ಕೆ ಸುಮ್ನೆ ಬಟ್ಟೆ ಕಟ್ಟಿ ಕಳಿಸಿದ್ದಾರಾ? ದುಡ್ಡು ನಾನು ಹಾಕ್ತೇನೆ, ಮಂಗಳೂರಿಗೆ ಹೋಗಿ" ಅಂದ. ಮಾವನ ಮೇಲೆ ಅಷ್ಟು ಪ್ರೀತಿ. ಆರನೇ ದಿನ ತಲಪಾಡಿ ದಾಟಿ ಮಂಗಳೂರಿಗೆ ಹೋದರು. ಅಲ್ಲಿ ಇಬ್ಬರು ಸರ್ಜನ್‌ಗಳನ್ನು ಕಂಡರು. ಒಬ್ಬರು "ಪ್ಲೇಟ್ ಹಾಕಬಹುದು, ದುಡಿಯುವ ಕೈ ಅಲ್ವಾ" ಅಂದರು. ಇನ್ನೊಬ್ಬರು "ಈಗ ಬೇಡ. ಆದರೆ ಮೂರು ವಾರ, ವಾರಕ್ಕೊಂದು ಎಕ್ಸ್‌ರೇ ತೆಗೆಸಿ ನನಗೆ ತೋರಿಸಬೇಕು" ಅಂದರು.

ಮನೆಯವರಿಗೆ ತಲೆ ತಿರುಗಿತು. ಇಬ್ಬರಲ್ಲಿ ಯಾರೋ ಒಬ್ಬರು ಮೋಸ ಮಾಡುತ್ತಿದ್ದಾರೆ ಎಂದೇ ಹೆಂಡತಿ ತಿಳಿದಿದ್ದರು. ಹಾಗಲ್ಲ. ಈ ಮುರಿತದಲ್ಲಿ ಒಳ್ಳೆಯ ಸರ್ಜನ್‌ಗಳೂ ಬೇರೆ ಬೇರೆ ಮಾತು ಹೇಳುವ ಒಂದು ಗಡಿ ಪ್ರದೇಶ ಇದೆ. ಅದನ್ನು ಅವರಿಗೆ ಬಿಡಿಸಿ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಹೆಗಲ ಹಲಗೆಯ ಹೆಚ್ಚಿನ ಮುರಿತಗಳು ಆಪರೇಷನ್ ಇಲ್ಲದೆಯೇ ಕೂಡುತ್ತವೆ. ಸುತ್ತಲೂ ಮಾಂಸ ಇರುವುದರಿಂದ ರಕ್ತ ಚೆನ್ನಾಗಿ ಹರಿಯುತ್ತದೆ. ಕೂಡದೆ ಉಳಿಯುವುದು ಅಪರೂಪ. ಪ್ರಶ್ನೆ ಇರುವುದು ಹೇಗೆ ಕೂಡುತ್ತದೆ ಎಂಬುದರಲ್ಲಿ. ಅದಕ್ಕೆ ಎಕ್ಸ್‌ರೇ ಸಾಲದು. ಸಿ.ಟಿ. ಸ್ಕ್ಯಾನ್ ಮಾಡಿ, ಮೂಳೆಯನ್ನು ಮೂರು ಆಯಾಮದಲ್ಲಿ ತಿರುಗಿಸಿ ನೋಡಿ, ಅಳೆಯಬೇಕು.

ಮೊದಲು ನೋಡುವುದು ಬಟ್ಟಲನ್ನು. ಹಲಗೆಯ ಮೇಲಿನ ಹೊರ ಮೂಲೆಯಲ್ಲಿ ಆಳವಿಲ್ಲದ ಒಂದು ಬಟ್ಟಲಿದೆ. ತೋಳಿನ ಮೂಳೆಯ ಉಂಡೆ ಅದರಲ್ಲಿ ತಿರುಗುತ್ತದೆ. ಬಿರುಕು ಆ ಬಟ್ಟಲಿನ ಒಳಗೆ ಹಾದು, ಮೇಲ್ಮೈಯಲ್ಲಿ ನಾಲ್ಕೈದು ಮಿಲಿಮೀಟರ್‌ನಷ್ಟು ಮೆಟ್ಟಿಲು ಬಿದ್ದಿದ್ದರೆ, ಅಥವಾ ಬಟ್ಟಲಿನ ದೊಡ್ಡ ತುಂಡು ಒಡೆದು ಉಂಡೆ ಜಾರುತ್ತಿದ್ದರೆ, ಹೆಚ್ಚಿನ ಸರ್ಜನ್‌ಗಳು ಆಪರೇಷನ್ ಎನ್ನುತ್ತಾರೆ. ಹಾಗೇ ಬಿಟ್ಟರೆ ಕೀಲು ಸವೆಯುತ್ತದೆ. ಇವರ ಬಟ್ಟಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟದ್ದು ಇದೇ.

ಎರಡನೆಯದು, ಮೂಳೆಯ ಹೊರ ಅಂಚಿನ ಎರಡು ತುಂಡುಗಳು ಎಷ್ಟು ಸರಿದಿವೆ ಎಂಬುದು. 20 ಮಿಲಿಮೀಟರ್ ಅಥವಾ ಜಾಸ್ತಿ ಸರಿದಿದ್ದರೆ ಆಪರೇಷನ್ ಬಗ್ಗೆ ಯೋಚಿಸುತ್ತಾರೆ. ಇವರದ್ದು 11. ಮೂರನೆಯದು, ಮುರಿದ ಜಾಗದಲ್ಲಿ ಹಲಗೆ ಎಷ್ಟು ಬಾಗಿದೆ ಎಂಬುದು. 45 ಡಿಗ್ರಿ ಒಂದು ಗಡಿ. ಇವರದ್ದು 24. ನಾಲ್ಕನೆಯದು ಬಟ್ಟಲು ಎಷ್ಟು ಕೆಳಗೆ ಮುಖ ಮಾಡಿದೆ ಎಂದು ತೋರಿಸುವ ಕೋನ. ಬಟ್ಟಲಿನ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಂದು ಗೆರೆ, ಅದೇ ಮೇಲಿನ ತುದಿಯಿಂದ ಹಲಗೆಯ ಕೆಳಮೂಲೆಗೆ ಇನ್ನೊಂದು ಗೆರೆ ಎಳೆದು, ನಡುವಿನ ಕೋನ ಅಳೆಯುತ್ತಾರೆ. ಗ್ಲೀನೋಪೋಲಾರ್ ಕೋನ ಎಂದು ಹೆಸರು. ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಇರುತ್ತದೆ. 22ಕ್ಕಿಂತ ಇಳಿದರೆ ಕೈ ಎತ್ತುವ ಬಲ ಕುಂದುತ್ತದೆ ಎಂಬ ಚಿಂತೆ. ಇವರದ್ದು 33.

ಕೊನೆಯದಾಗಿ, ಕಾಲರ್ ಮೂಳೆ. ಹೆಗಲನ್ನು ಎದೆಗೂಡಿಗೆ ಹಿಡಿದಿಡುವುದು ಮೂಳೆ ಮತ್ತು ಕಟ್ಟುಗಳ ಒಂದು ಬಳೆ. 1993ರಲ್ಲಿ ಗಾಸ್ ಎಂಬ ಸರ್ಜನ್ ಇದನ್ನು ವಿವರಿಸಿದರು. ಬಳೆ ಒಂದು ಕಡೆ ಒಡೆದರೆ ನಿಲ್ಲುತ್ತದೆ. ಎರಡು ಕಡೆ ಒಡೆದರೆ ಹೆಗಲು ಜೋತು ಬೀಳಬಹುದು. ಇಂಥ ಇನ್ನೊಬ್ಬರು ಆ ವರ್ಷವೇ ನನ್ನ ಹತ್ತಿರ ಬರುತ್ತಿದ್ದರು. ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದ ಹುಡುಗ. ಹೆಗಲ ಹಲಗೆಯ ಕತ್ತು, ಕಾಲರ್ ಮೂಳೆ ಎರಡೂ ಮುರಿದು ದೂರ ಸರಿದಿದ್ದವು. ಅವನಿಗೆ ಕಾಲರ್ ಮೂಳೆಗೆ ಪ್ಲೇಟ್ ಹಾಕಿದರು. ಹಾಕಿದ್ದು ಒಳ್ಳೆಯದೇ ಆಯಿತು. ನಮ್ಮ ಅಡಿಕೆ ಕೆಲಸದವರ ಕಾಲರ್ ಮೂಳೆ ಗಟ್ಟಿಯಾಗಿತ್ತು.

ಈ ಅಂಕೆಗಳು ದಾರಿ ತೋರಿಸುತ್ತವೆ ಅಷ್ಟೇ. ಒಂದು ಮಿಲಿಮೀಟರ್ ಜಾಸ್ತಿ ಆದರೆ ಕತ್ತರಿ, ಕಡಿಮೆ ಆದರೆ ಮನೆ ಅಂತ ಅಲ್ಲ. ವಯಸ್ಸು, ಕೆಲಸ, ಯಾವ ಕೈ, ಬೇರೆ ಎಲ್ಲಿ ಪೆಟ್ಟಾಗಿದೆ, ಎಲ್ಲ ಸೇರಿಸಿ ತೂಗಬೇಕು. ಮೊದಲ ಸರ್ಜನ್ ದುಡಿಯುವ ಕೈ ಎಂಬುದಕ್ಕೆ ಹೆಚ್ಚು ತೂಕ ಕೊಟ್ಟರು. ತಪ್ಪೇನಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿತ್ತು? ಈ ಮೂಳೆಯನ್ನು ಬೆನ್ನಿನ ಕಡೆಯಿಂದ ಬಿಡಿಸಬೇಕು. ಫ್ರಾನ್ಸಿನ ಜುಡೆ ಎಂಬವರ ಹೆಸರಿನ ದೊಡ್ಡ ಗಾಯ ಅದು. ತೋಳನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳ ನಡುವೆ ಹೋಗಬೇಕು ಅಥವಾ ಅವನ್ನು ಎಬ್ಬಿಸಬೇಕು. ಆ ಸ್ನಾಯುಗಳಿಗೆ ಹೋಗುವ ನರ ಅಲ್ಲೇ ಹಾದುಹೋಗುತ್ತದೆ. ಅದರ ಮೇಲೆ ಮೂರು ಪಕ್ಕೆಲುಬು ಮುರಿದು, ಶ್ವಾಸಕೋಶದ ಹೊರಗೆ ಗಾಳಿ ಸೇರಿ ವಾರವೂ ಆಗದ ಮನುಷ್ಯನಿಗೆ ಅನಸ್ತೇಷಿಯಾ. ಅಳತೆ ಕೆಟ್ಟದಾಗಿದ್ದರೆ ಇಷ್ಟೆಲ್ಲ ಅಪಾಯ ತೆಗೆದುಕೊಳ್ಳಬಹುದು. ಇವರ ಅಳತೆ ಕೆಟ್ಟದಾಗಿರಲಿಲ್ಲ.

ಎರಡನೇ ಸರ್ಜನ್ ವಾರ ವಾರ ಎಕ್ಸ್‌ರೇ ಕೇಳಿದ್ದಕ್ಕೂ ಕಾರಣ ಇದೆ. ಮೊದಲ ವಾರಗಳಲ್ಲಿ ತುಂಡುಗಳು ಇನ್ನೂ ಸರಿಯಬಹುದು. ಮೂರು ವಾರ ದಾಟಿದರೆ ಹೊಸ ಮೂಳೆ ಬೆಳೆಯುತ್ತಾ ಬಂದು, ಮತ್ತೆ ಬಿಡಿಸಿ ಕೂಡಿಸುವುದು ಬಹಳ ಕಷ್ಟ. ಅಂದರೆ ಆಪರೇಷನ್ ಬಾಗಿಲು ಆ ಮೂರು ವಾರ ತೆರೆದೇ ಇರುತ್ತದೆ. ಎಕ್ಸ್‌ರೇ ತೆಗೆಸದೆ ಮನೆಯಲ್ಲಿ ಕೂತರೆ ಬಾಗಿಲು ಮುಚ್ಚಿದ್ದೇ ಗೊತ್ತಾಗುವುದಿಲ್ಲ.

ಎಂಟನೇ ದಿನ, ನನ್ನ ಕೋಣೆಯಲ್ಲಿ

ಮಲಗಲು ಆಗದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೇರ ಕೂತಿದ್ದರು. ಅಂಗಿ ತೆಗೆದಾಗ ಬೆನ್ನೆಲ್ಲ ನೇರಳೆ ಹಣ್ಣಿನ ಬಣ್ಣ. ಸೊಂಟದವರೆಗೆ ಇಳಿದಿತ್ತು. ಹೆಂಡತಿ ಹೆದರಿದ್ದರು. ಒಳಗಿನ ರಕ್ತ ಕೆಳಕ್ಕೆ ಇಳಿಯುವುದು, ಹದಿನೈದು ಇಪ್ಪತ್ತು ದಿನದಲ್ಲಿ ಹಳದಿಯಾಗಿ ಹೋಗುತ್ತದೆ ಎಂದೆ.

ನನಗೆ ಹೆದರಿಕೆ ಹುಟ್ಟಿಸಿದ್ದು ಬೆನ್ನಲ್ಲ, ಬೆರಳು. ಬಲಗೈ ಊದಿ, ಬೆರಳ ಗೆಣ್ಣುಗಳ ಗೆರೆಯೇ ಕಾಣುತ್ತಿರಲಿಲ್ಲ. ಮುಷ್ಟಿ ಅರ್ಧಕ್ಕೆ ನಿಂತಿತು. ಮೊಣಕೈ ನೆಟ್ಟಗೆ ಮಾಡಲು ಆಗಲಿಲ್ಲ.

"ಅಣ್ಣ, ಬೆರಳು ಆಡಿಸಿಲ್ವಾ?"

"ಇಲ್ಲ ಅಕ್ಕ. ಆಪರೇಷನ್ ಇಲ್ಲ ಅಂದ್ರಲ್ಲ. ಮತ್ತೆ ಹಂದಿಸಿದ್ರೆ ಎಲುಬು ತಪ್ಪುದಿಲ್ವಾ? ಹಾಗೇ ಇಟ್ಟೆ."

ಎಂಟು ದಿನ ಭುಜದಿಂದ ಬೆರಳ ತುದಿಯವರೆಗೆ ಏನನ್ನೂ ಕದಲಿಸಿರಲಿಲ್ಲ. ಅಷ್ಟು ಶ್ರದ್ಧೆ. ಆಸ್ಪತ್ರೆಯಿಂದ ಏನೂ ಹೇಳಿರಲಿಲ್ಲವಾ ಎಂದು ಕೇಳಿದೆ. ಹೆಂಡತಿ ಸಿ.ಟಿ. ಫಿಲ್ಮಿನ ದೊಡ್ಡ ಕವರಿನೊಳಗಿಂದ ಒಂದು ಕಾಗದ ತೆಗೆದರು. ನಾಲ್ಕಾಗಿ ಮಡಚಿ, ಒದ್ದೆಯಾಗದಂತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಇಟ್ಟಿದ್ದರು. ಮಾಡಬೇಕಾದ ವ್ಯಾಯಾಮ ಎಲ್ಲ ಅದರಲ್ಲಿತ್ತು. ಬೆರಳು, ಮೊಣಕೈ, ಯಾವ ದಿನದಿಂದ ಏನು, ಎಲ್ಲ ಸರಿಯಾಗಿ. ಆದರೆ ಮಲಯಾಳದಲ್ಲಿ. ಇವರು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವರು. ಮನೆಯಲ್ಲಿ ತುಳು. ಮಲಯಾಳ ಮಾತಾಡಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಡಾಕ್ಟರ್ ಮುಖದ ಎದುರು "ಓದಲು ಬರುದಿಲ್ಲ" ಅಂತ ಹೇಳಲು ನಾಚಿಕೆ.

ಕಾಸರಗೋಡಿನಲ್ಲಿ ಇದು ದಿನನಿತ್ಯದ ಸಂಗತಿ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಆದರೆ ಆಪರೇಷನ್ ಮಾಡಿದ್ದರೆ ಮೂಳೆಯನ್ನು ಪ್ಲೇಟ್ ಹಿಡಿದುಕೊಳ್ಳುತ್ತದೆ, ರೋಗಿ ಓದಲಿ ಬಿಡಲಿ. ಆಪರೇಷನ್ ಇಲ್ಲದ ಚಿಕಿತ್ಸೆಯಲ್ಲಿ ಆ ಕಾಗದವೇ ಚಿಕಿತ್ಸೆ. ಅದು ರೋಗಿಗೆ ಓದಲು ಬರುವ ಭಾಷೆಯಲ್ಲಿ ಇರಲೇಬೇಕು. ಆ ಸಂಜೆ ಕೂತು ಕನ್ನಡದಲ್ಲಿ ಬರೆದೆ. ಈಗ ನನ್ನ ಮೇಜಿನಲ್ಲಿ ಎರಡೂ ಭಾಷೆಯ ಪ್ರತಿ ಇದೆ.

ಇನ್ನೊಂದು ವಿಷಯ ಮೆಲ್ಲಗೆ ಹೊರಬಂತು. ನೆರೆಮನೆಯವರು ಮುರಿತಕ್ಕೆ ಹಚ್ಚುವ ಮುರಿವೆಣ್ಣೆ ಕೊಟ್ಟಿದ್ದರು. ಹಿಂದಿನ ರಾತ್ರಿ ಹಚ್ಚಿ ಮೆಲ್ಲಗೆ ತಿಕ್ಕಿ, ಬಿಸಿನೀರು ಹೊಯ್ದಿದ್ದರು. ನಾಳೆ ಎಣ್ಣೆ ಹಾಕಿ ತಿಕ್ಕುವ ತಿರುಮ್ಮುವವರನ್ನೂ ಕರೆಸುವ ಯೋಚನೆ ಇತ್ತು. ನಾನು ಬಯ್ಯಲಿಲ್ಲ. ಬೈದರೆ ಮುಂದಿನ ಸಲ ಹೇಳದೆ ಮಾಡುತ್ತಾರೆ. ಹಸಿ ಮುರಿತದ ಮೇಲೆ ಒತ್ತಿ ತಿಕ್ಕಿದರೆ ತುಂಡು ಸರಿಯುತ್ತದೆ, ಕೆಳಗೆ ಮುರಿದ ಪಕ್ಕೆಲುಬು ಇದೆ, ಅದರ ಕೆಳಗೆ ಶ್ವಾಸಕೋಶ ಇದೆ, ಅಂತ ಅವರ ಬೆನ್ನ ಮೇಲೆಯೇ ಬೆರಳಿಟ್ಟು ತೋರಿಸಿದೆ. ತಿರುಮ್ಮುವವರು ಬರಲಿಲ್ಲ.

ಕೊಡಪಾನ ಮತ್ತು ರಾಟೆ

ಮೊದಲ ದಿನ ಬೆರಳು, ಮಣಿಕಟ್ಟು, ಮೊಣಕೈ ಮಾತ್ರ. ಗಂಟೆಗೊಮ್ಮೆ ಹತ್ತು ಸಲ. ಕುಳಿತೇ ಮಲಗಲು ಬೆನ್ನಿಗೆ ಮೂರು ದಿಂಬು, ಮೊಣಕೈ ಕೆಳಗೆ ಮಡಚಿದ ಒಂದು ಬೈರಾಸು. ಎರಡು ದಿನದಲ್ಲಿ ಊತ ಇಳಿಯಿತು, ಮುಷ್ಟಿ ಪೂರ್ತಿ ಬಂತು.

ಹನ್ನೆರಡನೇ ದಿನ ತೂಗುವ ವ್ಯಾಯಾಮ. ಎಡಗೈಯನ್ನು ಮೇಜಿನ ಮೇಲೆ ಊರಿ, ಮುಂದಕ್ಕೆ ಬಗ್ಗಿ, ಬಲಗೈಯನ್ನು ಇಳಿಬಿಡಬೇಕು. ಮೈ ತೂಗಿದರೆ ಕೈ ತಾನಾಗಿ ತೂಗುತ್ತದೆ. ಇದು ಹೇಳಲು ಸುಲಭ, ಮಾಡಿಸಲು ಕಷ್ಟ. ಎಲ್ಲರೂ ಕೈಯನ್ನೇ ಬಲ ಹಾಕಿ ಆಡಿಸುತ್ತಾರೆ. "ಬಾವಿಗೆ ಬಿಟ್ಟ ಕೊಡಪಾನ ಇದೆಯಲ್ಲ, ಹಗ್ಗ ಹಂದಿದರೆ ಅದು ಹಂದುತ್ತದೆ, ಅದಕ್ಕೇ ಜೀವ ಇಲ್ಲ. ನಿಮ್ಮ ಕೈ ಈಗ ಕೊಡಪಾನ" ಅಂದೆ. ತಕ್ಷಣ ಹೆಗಲು ಸಡಿಲವಾಯಿತು. ನನ್ನ ಬೆರಳ ಕೆಳಗೆ ಬಿಗಿದಿದ್ದ ಸ್ನಾಯು ಬಿಟ್ಟುಕೊಂಡದ್ದು ಗೊತ್ತಾಯಿತು.

ಎರಡನೇ ವಾರದ ಎಕ್ಸ್‌ರೇಯಲ್ಲಿ 11 ಇದ್ದದ್ದು 13 ಮಿಲಿಮೀಟರ್ ಆಗಿತ್ತು. ಆ ವಾರ ನಮಗೆಲ್ಲ ಸರಿಯಾಗಿ ನಿದ್ದೆ ಇಲ್ಲ. ದುಬೈಯಿಂದ ದಿನಾ ಫೋನು. ಸರ್ಜನ್ ಮಾತ್ರ ನಿಧಾನವಾಗಿ, "ಎಕ್ಸ್‌ರೇ ಕೋನ ಸ್ವಲ್ಪ ಬದಲಾದರೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಮುಂದಿನ ವಾರ ನೋಡೋಣ. 20ರ ಕಡೆ ಹೋದರೆ ತಡ ಮಾಡುವುದಿಲ್ಲ" ಅಂದರು. ತೂಗುವ ವ್ಯಾಯಾಮ ಬಿಟ್ಟು ಬೇರೆ ಏನನ್ನೂ ನಾನು ಸೇರಿಸಲಿಲ್ಲ. ಮೂರನೇ ವಾರವೂ 13. ನಿಂತಿತು.

ಅಲ್ಲಿಂದ ಮುಂದೆ ಪೌಚ್ ಬಿಡಿಸುತ್ತಾ ಬಂದೆವು. ಮಲಗಿ, ಎರಡು ಕೈಯಲ್ಲಿ ಕೋಲು ಹಿಡಿದು, ಎಡಗೈಯ ಬಲದಿಂದ ಬಲಗೈ ಎತ್ತುವುದು. ನನ್ನಲ್ಲಿರುವ ರಾಟೆ ಮನೆಯಲ್ಲಿ ಇಲ್ಲ ಎಂದು ನಾನು ಯೋಚಿಸುತ್ತಿದ್ದರೆ, ಅವರು ಹಳೆಯ ಬಾವಿ ರಾಟೆಯನ್ನೇ ಜಗಲಿಯ ಪಕ್ಕಾಸಿಗೆ ಕಟ್ಟಿ, ಹಗ್ಗದ ಎರಡು ತುದಿಗೆ ಬಟ್ಟೆ ಸುತ್ತಿ ತಯಾರು ಮಾಡಿದ್ದರು. ಎಡಗೈ ಎಳೆದರೆ ಬಲಗೈ ಏರುತ್ತದೆ. ಹೆಂಡತಿ ಪಕ್ಕದಲ್ಲಿ ಕೂತು ಬೀಡಿ ಸುತ್ತುತ್ತಾ ಲೆಕ್ಕ ಹಾಕುತ್ತಿದ್ದರು. ಆ ತಿಂಗಳುಗಳಲ್ಲಿ ಮನೆ ನಡೆದದ್ದು ಅವರ ಬೀಡಿಯಿಂದ ಮತ್ತು ದುಬೈಯ ಹಣದಿಂದ. ಆಪರೇಷನ್‌ಗೆ ಎಂದು ಕಳಿಸಿದ್ದ ಹಣ ಅಕ್ಕಿಗೆ, ಬಸ್ಸಿಗೆ ಆಯಿತು.

ಆರನೇ ವಾರದ ಎಕ್ಸ್‌ರೇಯಲ್ಲಿ ಬಿರುಕಿನ ಸುತ್ತ ಹೊಸ ಮೂಳೆಯ ಮೋಡ ಕಂಡಿತು. ಸ್ವಂತ ಬಲದಿಂದ ಕೈ ಎತ್ತಿದ್ದು 95 ಡಿಗ್ರಿ. ಅಲ್ಲಿ ಒಂದು ತೊಡಕು. ಕೈ ಪೂರ್ತಿ ಮೇಲೆ ಹೋಗುವಾಗ ಸುಮಾರು ಮೂರರಲ್ಲಿ ಎರಡು ಪಾಲು ಚಲನೆ ಕೀಲಿನದು, ಒಂದು ಪಾಲು ಹಲಗೆ ಪಕ್ಕೆಯ ಮೇಲೆ ಜಾರುವುದರಿಂದ. ನಾನು ಹಿಂದೆ ನಿಂತು ಎರಡೂ ಹಲಗೆಯ ಕೆಳಮೂಲೆಗೆ ಹೆಬ್ಬೆರಳು ಇಟ್ಟು ಕೈ ಎತ್ತಿಸಿದೆ. ಎಡಗಡೆಯದು ನುಣ್ಣಗೆ ಹೊರಕ್ಕೆ ಜಾರಿತು. ಬಲಗಡೆಯದು ಜಾರುವ ಬದಲು ಕಿವಿಯ ಕಡೆಗೆ ಏರಿತು. ಕನ್ನಡಿ ಮುಂದೆ ಕೂರಿಸಿ, ಹೆಗಲು ಏರಿಸದೆ ಎತ್ತುವುದನ್ನು ಕಲಿಸಲು ಮೂರು ವಾರ ಹಿಡಿಯಿತು. ಬಲ ಹಾಕುವ ವ್ಯಾಯಾಮ, ರಬ್ಬರ್ ಬ್ಯಾಂಡ್ ಎಲ್ಲ ಎಂಟನೇ ವಾರದ ಮೇಲೆ. ಮೂಳೆ ಕೂಡಿದ್ದು ಖಾತ್ರಿ ಆಗುವ ತನಕ ಭಾರ ಹೊರಿಸಬಾರದು.

ಮತ್ತೆ ತೋಟಕ್ಕೆ

ಹನ್ನೆರಡನೇ ವಾರ 140 ಡಿಗ್ರಿ. ನೆಲದ ಕೆಲಸಕ್ಕೆ ಹೋಗಲು ಸರ್ಜನ್ ಒಪ್ಪಿದರು. ಅಡಿಕೆ ಹೆಕ್ಕುವುದು, ಒಣಗಿಸಲು ಹರಡುವುದು. ಆರು ತಿಂಗಳಿಗೆ 160. ಎಡಗೈ 175. ಹೊರಕ್ಕೆ ತಿರುಗಿಸುವುದು ಎಡಕ್ಕಿಂತ 15 ಡಿಗ್ರಿ ಕಡಿಮೆ. ಬಲ ಹೆಗಲು ಒಂದು ಬೆರಳಿನಷ್ಟು ಇಳಿದಿದೆ, ಅಂಗಿ ಹಾಕಿದರೆ ಗೊತ್ತಾಗುವುದಿಲ್ಲ. ಕೈ ಆಡಿಸುವಾಗ ಬೆನ್ನಲ್ಲಿ ಕಟಕಟ ಶಬ್ದ ಇದೆ. ನೋವಿಲ್ಲ. ಪ್ಲೇಟ್ ಹಾಕಿದ್ದರೆ ಹೆಗಲು ಇಷ್ಟೂ ಇಳಿಯುತ್ತಿರಲಿಲ್ಲವೇನೋ. ಇದನ್ನು ಅವರಿಗೂ ನೇರವಾಗಿ ಹೇಳಿದ್ದೇನೆ. ಆ ಒಂದು ಬೆರಳಿಗಾಗಿ ಬೆನ್ನು ಬಿಡಿಸಬೇಕಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಮರ ಹತ್ತುವ ಮಾತನ್ನು ಅವರೇ ಎತ್ತಿದರು. ಹೆಗಲ ಬಲ ಸಾಕು ಎನ್ನುವ ಹಾಗಿತ್ತು. ಆದರೆ ಮರದಿಂದ ಮರಕ್ಕೆ ಕೈ ಚಾಚಿ ಎಳೆದು ದಾಟುವಾಗ ಪೂರ್ತಿ ಮೈಭಾರ ಒಂದು ಹೆಗಲ ಮೇಲೆ ಬೀಳುತ್ತದೆ. ಅದಕ್ಕೆ ನಾನು ಹೂಂ ಅನ್ನಲಿಲ್ಲ. ಹೆಂಡತಿಯೂ ಬೇಡ ಎಂದರು. ತೋಟದ ಧನಿಗಳು ಕಾರ್ಬನ್ ಫೈಬರ್ ದೋಟಿ ತರಿಸಿದ್ದರು. ನೆಲದಲ್ಲೇ ನಿಂತು ಮದ್ದು ಬಿಡಬಹುದು, ಗೊನೆ ಕೊಯ್ಯಬಹುದು. ಅದೂ ಹೆಗಲಿಗೆ ಹಗುರದ ಕೆಲಸ ಅಲ್ಲ. ತಲೆ ಎತ್ತಿ, ಎರಡೂ ಕೈ ಮೇಲೆ ಮಾಡಿ, ಗಾಳಿಗೆ ಬಾಗುವ ಉದ್ದದ ಕೋಲನ್ನು ಹಿಡಿದು ನಿಲ್ಲಬೇಕು. ಹಾಗಾಗಿ ಕೊನೆಯ ಎರಡು ತಿಂಗಳು ನಮ್ಮ ವ್ಯಾಯಾಮ ಅದೇ ಆಯಿತು. ಮೊದಲು ಬರೀ ಬಿದಿರು, ಐದು ನಿಮಿಷ. ಆಮೇಲೆ ಅರ್ಧ ಉದ್ದದ ದೋಟಿ. ಆಮೇಲೆ ಪೂರ್ತಿ.

ಮುಂದಿನ ಆಟಿಯಲ್ಲಿ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಅದೇ ತೋಟಕ್ಕೆ ಹೋಗಿ ನೋಡಿದೆ. ಕಣಿಯ ಈಚೆ ನಿಂತು ಮದ್ದು ಬಿಡುತ್ತಿದ್ದರು. ತಲೆಯ ಮುಟ್ಟಾಳೆಯ ಮೇಲೆಲ್ಲ ಮೈಲುತುತ್ತಿನ ನೀಲಿ ಚುಕ್ಕಿ. ಇಪ್ಪತ್ತು ನಿಮಿಷ ಆದ ಕೂಡಲೇ ದೋಟಿಯನ್ನು ಮರಕ್ಕೆ ಒರಗಿಸಿ, ಮುಂದಕ್ಕೆ ಬಗ್ಗಿ, ಬಲಗೈ ಇಳಿಬಿಟ್ಟು ಮೆಲ್ಲಗೆ ತೂಗಿದರು. ನಾನು ಹೇಳಿರಲಿಲ್ಲ.